ಎರಡು ಬೇಸಿಗೆ ಗ್ಯಾಸ್ ತುಂಬಿಸಿದ ಎಸಿ: ಕಲಬುರಗಿಯ ಒಂದು ಮನೆಯ ಪ್ರಕರಣ

“ತಮ್ಮಾ, ಬ್ಯಾಸಗಿ ಬಂತು ನೋಡು. ಎಸಿಗೆ ಗ್ಯಾಸ್ ತುಂಬಿಸ್ಬೇಕು. ಯಾವಾಗ ಬರ್ತಿ?”

2025ರ ಫೆಬ್ರವರಿ ಮೂರನೇ ವಾರದಲ್ಲಿ ಬಂದ ಫೋನ್ ಇದು. ಮಾತಾಡಿದವರು ನಿವೃತ್ತ ಹೈಸ್ಕೂಲ್ ಮಾಸ್ತರ್. ಮನೆ ಕಲಬುರಗಿಯ ಹುಮನಾಬಾದ್ ರಸ್ತೆ ಕಡೆ. ನಾನು ಎಸಿ ಮೆಕ್ಯಾನಿಕ್. ನನಗೆ ಅವರ ಪರಿಚಯ ಇರಲಿಲ್ಲ, ಅವರ ಪಕ್ಕದ ಮನೆಯವರು ನಂಬರ್ ಕೊಟ್ಟಿದ್ದರು.

“ಗ್ಯಾಸ್ ಕಮ್ಮಿ ಆಗ್ಯಾದ ಅಂತ ಯಾರು ಹೇಳಿದ್ರು ಸರ್?”

“ಯಾರು ಹೇಳ್ಬೇಕು? ಹೋದ ವರ್ಷ ತುಂಬಿಸ್ದೆ. ಅದರ ಹಿಂದಿನ ವರ್ಷನೂ ತುಂಬಿಸ್ದೆ. ಪ್ರತಿ ವರ್ಷ ತುಂಬಿಸ್ಬೇಕಲ್ಲ?”

ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಗ್ಯಾಸ್ ಅಂದರೆ ಗಾಡಿಯ ಪೆಟ್ರೋಲ್ ಅಲ್ಲ. ಅದು ಖರ್ಚಾಗುವುದಿಲ್ಲ. ಮುಚ್ಚಿದ ತಾಮ್ರದ ಪೈಪಿನೊಳಗೆ ಒಳಗಿಂದ ಹೊರಗೆ, ಹೊರಗಿಂದ ಒಳಗೆ ಸುತ್ತುತ್ತಲೇ ಇರುತ್ತದೆ. ಪೈಪು ಗಟ್ಟಿ ಇದ್ದರೆ ಹತ್ತು ವರ್ಷವಾದರೂ ಅಷ್ಟೇ ಇರುತ್ತದೆ. ಕಮ್ಮಿ ಆಗಿದ್ದರೆ ಎಲ್ಲೋ ಸೋರಿದೆ ಅಂತಲೇ ಅರ್ಥ. ಸೋರುವ ಬಿಂದಿಗೆಗೆ ಪ್ರತಿ ವರ್ಷ ನೀರು ತುಂಬಿಸಿ ದುಡ್ಡು ತೆಗೆದುಕೊಂಡರೆ ಅದನ್ನು ಸರ್ವಿಸ್ ಅನ್ನೋಕಾಗುತ್ತಾ?

ಈ ಮನೆಯ ಕೆಲಸವನ್ನು ಮೊದಲಿಂದ ಕೊನೆವರೆಗೆ ಬರೆಯುತ್ತಿದ್ದೇನೆ. ಒಂದೇ ಎಸಿಯಲ್ಲಿ ನಾಲ್ಕೈದು ತೊಂದರೆ ಒಟ್ಟಿಗೆ ಇದ್ದವು. ಒಂದು ತೊಂದರೆ ಇನ್ನೊಂದನ್ನು ಮುಚ್ಚಿಟ್ಟಿತ್ತು. ಅದೇ ಇದರಲ್ಲಿ ಕಲಿಯಬೇಕಾದ ವಿಷಯ.

ಮನೆ, ಕೋಣೆ, ಆಯಿ

ಎಸಿ ಇದ್ದದ್ದು ಮೇಲಿನ ಮಹಡಿಯ 12 ಅಡಿಗೆ 14 ಅಡಿ ಕೋಣೆಯಲ್ಲಿ. ಮೇಲೆ ಬರೀ ಸ್ಲ್ಯಾಬು, ಪಡುವಣಕ್ಕೆ ಒಂದು ಇಡೀ ಗೋಡೆ. ಆ ಕೋಣೆಯಲ್ಲಿ ಮಾಸ್ತರರ ತಾಯಿ ಇರುತ್ತಾರೆ. ವಯಸ್ಸು 80 ದಾಟಿದೆ, ಲಕ್ವ ಹೊಡೆದು ಮಂಚ ಹಿಡಿದು ನಾಲ್ಕು ವರ್ಷ. ಎಲ್ಲರೂ ಅವರನ್ನು ಆಯಿ ಅನ್ನುತ್ತಾರೆ, ನಾನೂ ಹಾಗೇ ಕರೆದೆ.

ನಮ್ಮೂರಿನ ಬಿಸಿಲು ಗೊತ್ತಿಲ್ಲದವರಿಗೆ ಒಂದು ಮಾತು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಹೊಸ ಸುದ್ದಿಯೇ ಅಲ್ಲ. ಬಿಸಿಲಿಗಾಗಿಯೇ ಆ ಎರಡು ತಿಂಗಳು ಈ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ. ಒಣ ಬಿಸಿಲಾದ್ದರಿಂದ ನಮ್ಮ ಕಡೆ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಬಹಳ ಮನೆಗೆ ನಾನೇ ಕೂಲರ್ ಸಾಕು ಅಂತ ಹೇಳಿ ಕಳಿಸಿದ್ದೇನೆ. ಆದರೆ ಮಗ್ಗುಲು ಬದಲಿಸಲಾಗದವರ ಹಾಸಿಗೆಗೆ ಕೂಲರಿನ ತೇವದ ಗಾಳಿ ಒಳ್ಳೆಯದಲ್ಲ. ಅದರ ಜೊತೆಗೆ ದಿನಕ್ಕೆ ಮೂರು ನಾಲ್ಕು ಬಕೆಟ್ ನೀರು ಹೊತ್ತು ಹಾಕಬೇಕು. ಈ ಮನೆಗೆ ಎಸಿ ಶೋಕಿ ಆಗಿರಲಿಲ್ಲ.

ಎಸಿ 2018ರದ್ದು. ಒಂದೂವರೆ ಟನ್ನಿನ ಸ್ಪ್ಲಿಟ್, ಮೂರು ಸ್ಟಾರ್, ಇನ್ವರ್ಟರ್ ಅಲ್ಲದ್ದು, ಆರ್-32 ಗ್ಯಾಸ್. 2023ರಲ್ಲಿ ಒಬ್ಬ ಮೆಕ್ಯಾನಿಕ್, 2024ರಲ್ಲಿ ಇನ್ನೊಬ್ಬ. ಇಬ್ಬರೂ ಏಪ್ರಿಲ್‌ನಲ್ಲಿ, ಸೀಸನ್ ಬಿರುಸಾಗಿದ್ದಾಗ ಬಂದವರು. ಇಬ್ಬರೂ ಅರ್ಧ ಗಂಟೆಯಲ್ಲಿ ಗ್ಯಾಸ್ ಹಾಕಿ ಹೋದವರು. ಎರಡು ತಿಂಗಳು ತಣ್ಣಗೆ, ಆಮೇಲೆ ಮತ್ತೆ ಅದೇ ಕಥೆ. “ಹದಿನೆಂಟಕ್ಕಿಟ್ರೂ ತಣ್ಣಗೇ ಆಗವಲ್ದು. ಮ್ಯಾಲೆ ಆಯಿ ಕಾಲಿನ ಮ್ಯಾಲೆ ನೀರು ತೊಟ್ಟಿಕ್ತದ” ಅಂದರು ಮಾಸ್ತರರ ಮನೆಯವರು. ಒಳಗಿನ ಯೂನಿಟ್ಟಿನ ಬಲ ತುದಿ ಸರಿಯಾಗಿ ಮಂಚದ ಕಾಲ ಕಡೆಗೆ ಬರುತ್ತಿತ್ತು.

ಫೆಬ್ರವರಿಯಲ್ಲೇ ಫೋನ್ ಮಾಡಿದ್ದು ಅವರು ಮಾಡಿದ ಅತ್ಯಂತ ಒಳ್ಳೆಯ ಕೆಲಸ. ಏಪ್ರಿಲ್‌ನಲ್ಲಿ ನನ್ನ ಹತ್ತಿರ ದಿನಕ್ಕೆ ಹತ್ತು ಹನ್ನೆರಡು ಫೋನ್ ಬರುತ್ತವೆ. ಆಗ ಒಂದು ಮನೆಗೆ ಐದು ಗಂಟೆ ಕೊಡು ಅಂದರೆ ಯಾವ ಮೆಕ್ಯಾನಿಕ್ಕಿಗೂ ಆಗುವುದಿಲ್ಲ.

ಮುಟ್ಟುವ ಮೊದಲು ಅಳತೆ

ನಾನು ಸ್ಕ್ರೂ ಡ್ರೈವರ್ ತೆಗೆಯುವ ಮುಂಚೆ ಎಸಿ ಚಾಲೂ ಮಾಡಿ ಇಪ್ಪತ್ತು ನಿಮಿಷ ಬಿಟ್ಟೆ. ಮಾಸ್ತರ್ ಒಂದು ಹಳೆಯ ನೋಟ್‌ಬುಕ್ ತಂದು ಪಕ್ಕದಲ್ಲಿ ಕೂತರು. ನಾನು ಹೇಳಿದ್ದನ್ನೆಲ್ಲ ಬರೆದುಕೊಂಡರು.

ಹೊರಗೆ ಬಿಸಿಲು 33 ಡಿಗ್ರಿ. ಎಸಿ ಮೇಲುಗಡೆ ಎಳೆದುಕೊಳ್ಳುವ ಗಾಳಿ 29, ಕೆಳಗೆ ಬಿಡುವ ಗಾಳಿ 22.5. ಅಂದರೆ ವ್ಯತ್ಯಾಸ 6.5 ಡಿಗ್ರಿ. ಚೆನ್ನಾಗಿರುವ ಎಸಿಯಲ್ಲಿ ಇದು ಸಾಮಾನ್ಯವಾಗಿ 8ರಿಂದ 12 ಇರಬೇಕು. ಕ್ಲ್ಯಾಂಪ್ ಮೀಟರ್ ಹಾಕಿದರೆ ಕರೆಂಟು 8.6 ಆಂಪಿಯರ್. ನೇಮ್‌ಪ್ಲೇಟಿನಲ್ಲಿ 7.4 ಅಂತ ಇತ್ತು. ವೋಲ್ಟೇಜ್ 224, ಅದರ ತಕರಾರಿಲ್ಲ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಗ್ಯಾಸ್ ಕಮ್ಮಿ ಇದ್ದರೆ, ಅದನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಮೇಲೆ ಹೊರೆ ಕಮ್ಮಿ ಆಗಿ ಕರೆಂಟು ಇಳಿಯಬೇಕು. ಇಲ್ಲಿ ಏರಿದೆ. ಹಾಗಾದರೆ ಬರೀ ಗ್ಯಾಸಿನ ಮಾತಲ್ಲ, ಬೇರೆ ಏನೋ ಕಂಪ್ರೆಸರನ್ನು ಹಿಂಡುತ್ತಿದೆ.

“ಗೇಜ್ ಹಾಕಿ ನೋಡಂಗಿಲ್ಲೇನು?” ಮಾಸ್ತರ್ ಕೇಳಿದರು. ಗೇಜ್ ಅಂದರೆ ಪೈಪಿನೊಳಗಿನ ಗ್ಯಾಸಿನ ಒತ್ತಡ ತೋರಿಸುವ ಮುಳ್ಳಿನ ಮೀಟರ್. ಹಿಂದಿನ ಇಬ್ಬರೂ ಬಂದ ಕೂಡಲೇ ಅದನ್ನು ಹಾಕಿದ್ದರಂತೆ.

ಈಗಲೇ ಹಾಕಬಾರದು ಅಂದೆ. ಕಾರಣ ಇದೆ. ಒಳಗಿನ ಕಾಯಿಲ್, ಅಂದರೆ ಗಾಳಿ ಹಾದುಹೋಗುವ ಸುತ್ತು ಪೈಪು, ಕೊಳೆಯಾಗಿ ಗಾಳಿ ಕಮ್ಮಿಯಾದರೆ ಗ್ಯಾಸ್ ಸರಿ ಇದ್ದರೂ ಗೇಜ್ ಕಮ್ಮಿ ತೋರಿಸುತ್ತದೆ. ಹೊರಗಿನ ಕಾಯಿಲ್ ಕೊಳೆಯಾದರೆ ಗ್ಯಾಸ್ ಕಮ್ಮಿ ಇದ್ದರೂ ಮುಳ್ಳು ಮೇಲೆ ನಿಲ್ಲಬಹುದು. ತೊಳೆಯದೆ ಹಾಕಿದ ಗೇಜು ಸುಳ್ಳು ಹೇಳುತ್ತದೆ. ಆ ಸುಳ್ಳನ್ನು ನಂಬಿ ಗ್ಯಾಸ್ ಹಾಕಿದರೆ ಮುಂದೆ ಯಾರಾದರೂ ತೊಳೆದ ದಿನ ಅದು ಜಾಸ್ತಿಯಾಗಿ ಕಂಪ್ರೆಸರಿಗೆ ಕುತ್ತು.

ಹೊರಗಿನ ಯೂನಿಟ್ಟಿನ ಬೆನ್ನು

ಹೊರಗಿನ ಯೂನಿಟ್ ಟೆರೇಸಿನ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಕೂತಿತ್ತು. ಮುಂದಿನ ಜಾಲರಿಯಿಂದ ನೋಡಿದರೆ ಸ್ವಚ್ಛ. ಮಾಸ್ತರ್ ವಾರಕ್ಕೊಮ್ಮೆ ಅದನ್ನು ಬಟ್ಟೆಯಿಂದ ಒರೆಸುತ್ತಿದ್ದರು, ಪಾಪ. ಆದರೆ ಹೊರಗಿನ ಯೂನಿಟ್ ಗಾಳಿ ಎಳೆಯುವುದು ಬೆನ್ನಿನಿಂದ ಮತ್ತು ಒಂದು ಪಕ್ಕದಿಂದ. ಮುಂದೆ ಬರುವುದು ಬಿಸಿ ಗಾಳಿ ಮಾತ್ರ. ಕೊಳೆ ಕೂರುವುದು ಗೋಡೆ ಕಡೆಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ.

ಮೇಲಿನ ಮುಚ್ಚಳ ಬಿಚ್ಚಿ, ಯೂನಿಟ್ಟನ್ನು ಸ್ವಲ್ಪ ತಿರುಗಿಸಿ ಬೆನ್ನು ನೋಡಿದೆ. ಕಾಯಿಲ್ ಮೇಲಿನ ಅಲ್ಯೂಮಿನಿಯಂ ಫಿನ್, ಅಂದರೆ ತೆಳು ತಗಡಿನ ಎಲೆಗಳು, ಕಾಣಿಸಲೇ ಇಲ್ಲ. ಕಂದು ಬಣ್ಣದ ಕಂಬಳಿ ಹೊದಿಸಿದ ಹಾಗೆ ಒಂದು ಪದರ. ಮೂಲೆಯಲ್ಲಿ ಉಗುರಿನಿಂದ ಎತ್ತಿದರೆ ಅಂಗೈ ಅಗಲದ ತುಂಡು ಹಾಗೇ ಎದ್ದು ಬಂತು. ಬೆಳಕಿಗೆ ಹಿಡಿದು ನೋಡಿದೆ. ಸಣ್ಣ ಸಣ್ಣ ಸಿಪ್ಪೆ, ಅವುಗಳ ನಡುವೆ ಧೂಳು. ಮೂಗಿಗೆ ಹಿಡಿದರೆ ಹೊಟ್ಟಿನ ವಾಸನೆ. ಮಾಸ್ತರ್ ಒಂದೇ ನೋಟಕ್ಕೆ ಹೇಳಿದರು: “ತೊಗರಿ ಹೊಟ್ಟಲ್ಲೇನು ಇದು?”

ಹೌದು, ತೊಗರಿ ಹೊಟ್ಟೇ. ಕಲಬುರಗಿ ಅಂದರೆ ತೊಗರಿ ನಾಡು, ನಮ್ಮ ತೊಗರಿ ಬೇಳೆಗೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಆ ಕಡೆ ದಾಲ್ ಮಿಲ್‌ಗಳು ಹತ್ತಿರ. ರಾಶಿ ಮುಗಿದ ಮೇಲೆ, ಜನವರಿಯಿಂದ, ಮಿಲ್‌ಗಳು ಜೋರಾಗಿ ನಡೆಯುತ್ತವೆ. ಆ ಹೊಟ್ಟಿನ ಪುಡಿ ಗಾಳಿಯಲ್ಲಿ ಹಾರಿ ಬಂದು ವರ್ಷವರ್ಷವೂ ಇಲ್ಲಿ ಕೂತಿದೆ. ಊರಿಗೆ ಅನ್ನ ಕೊಡುವ ಕೆಲಸ, ಯಾರನ್ನೂ ದೂರುವ ಹಾಗಿಲ್ಲ. ಆದರೆ ಈ ಕಡೆಯ ಮನೆಗಳಿಗೆ ವರ್ಷಕ್ಕೊಂದು ಸರ್ವಿಸ್ ಸಾಲದು, ಎರಡು ಬೇಕು.

ಇದು ಯಾಕೆ ಅಷ್ಟು ದೊಡ್ಡ ವಿಷಯ ಅಂದರೆ, ಎಸಿ ತಂಪನ್ನು ಹುಟ್ಟಿಸುವುದಿಲ್ಲ. ಕೋಣೆಯ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ. ಒಂದೂವರೆ ಟನ್ ಅಂದರೆ ಸುಮಾರು 5.3 ಕಿಲೋವ್ಯಾಟ್‌ನಷ್ಟು ಬಿಸಿ. ಅದಕ್ಕೆ ಕಂಪ್ರೆಸರಿನ ಬಿಸಿ ಒಂದೂವರೆ ಕಿಲೋವ್ಯಾಟಿನಷ್ಟು ಸೇರಿಸಿ. ಇಷ್ಟೂ ಬಿಸಿ ಆ ಬೆನ್ನಿನ ಕಾಯಿಲ್ ಮೂಲಕವೇ ಹೊರಗೆ ಹೋಗಬೇಕು. ಅದಕ್ಕೇ ಕಂಬಳಿ ಹೊದಿಸಿದ್ದರೆ? ಕರೆಂಟು 8.6ಕ್ಕೆ ಯಾಕೆ ಏರಿತ್ತು ಅಂತ ಅಲ್ಲೇ ಗೊತ್ತಾಯಿತು.

ಮೊದಲು ಒಣ ಬ್ರಷ್. ಫಿನ್ ನಿಂತಿರುವ ದಿಕ್ಕಿನಲ್ಲೇ, ಮೇಲಿಂದ ಕೆಳಗೆ. ಒಣ ಹೊಟ್ಟಿನ ಮೇಲೆ ಸೀದಾ ನೀರು ಬಿಟ್ಟರೆ ಅದು ಹಿಟ್ಟಾಗಿ ಫಿನ್ ನಡುವೆ ಇನ್ನೂ ಗಟ್ಟಿ ಕೂರುತ್ತದೆ. ಆಮೇಲೆ ಎಂಸಿಬಿ ಆಫ್ ಮಾಡಿ, ಫ್ಯಾನ್ ಮೋಟರಿಗೂ ವೈರಿಂಗಿಗೂ ಪ್ಲಾಸ್ಟಿಕ್ ಕಟ್ಟಿ, ಒಳಗಿಂದ ಹೊರಗೆ ನೀರು. ಕೊಳೆ ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಪಂಪಿನ ಜೋರು ಕಮ್ಮಿ ಇಟ್ಟು ನೇರ ಹಿಡಿದೆ. ಓರೆ ಹಿಡಿದರೆ ಫಿನ್ ಮಡಚಿಕೊಳ್ಳುತ್ತದೆ, ಮಡಚಿದ ಫಿನ್ ಕೊಳೆಗಿಂತ ಕೆಟ್ಟದ್ದು. ಮೊದಲ ಎರಡು ಬಕೆಟ್ ನೀರು ಥೇಟ್ ಬೇಳೆ ತೊಳೆದ ನೀರಿನ ಹಾಗೆ ಹರಿಯಿತು.

ಕಂಪ್ರೆಸರ್ ತಿರುಗಲು ಒತ್ತಾಸೆ ಕೊಡುವ ಕೆಪ್ಯಾಸಿಟರ್ ಕೂಡ ಅಳೆದೆ. ಚಾರ್ಜ್ ಇಳಿಸಿಯೇ ಮುಟ್ಟಬೇಕು, ಕರೆಂಟು ಆಫ್ ಇದ್ದರೂ ಅದು ಹೊಡೆಯುತ್ತದೆ. ಮೇಲೆ 45 ಮೈಕ್ರೋಫ್ಯಾರಡ್ ಅಂತ ಬರೆದಿತ್ತು, ಮೀಟರ್ 37 ತೋರಿಸಿತು. ಐದು ಪರ್ಸೆಂಟ್ ಆಚೀಚೆ ಸರಿ, ಇದು ಬಹಳ ಬಿದ್ದುಹೋಗಿದೆ. ಹೊಸದು ಹಾಕಿದೆ. ಮೇ ತಿಂಗಳ ನಡು ಮಧ್ಯಾಹ್ನ ವೋಲ್ಟೇಜ್ ಇಳಿದಾಗ ಕಂಪ್ರೆಸರ್ ಗುಂಯ್ ಅಂತ ಶಬ್ದ ಮಾಡಿ ನಿಂತುಬಿಡುವುದು ಬಹಳ ಸಲ ಇದರಿಂದಲೇ.

ಒಳಗೆ

ಫಿಲ್ಟರ್ ಚೊಕ್ಕ ಇತ್ತು. ತಿಂಗಳಿಗೊಮ್ಮೆ ಮಾಸ್ತರರೇ ನಲ್ಲಿ ಕೆಳಗೆ ತೊಳೆಯುತ್ತಾರೆ. ಆದರೆ ಫಿಲ್ಟರ್ ಹಿಡಿಯದ ಸಣ್ಣ ಧೂಳು ಕಾಯಿಲ್ ತೇವಕ್ಕೆ ಅಂಟಿ, ಅಲ್ಲಿಂದ ಗಾಳಿ ಬೀಸುವ ಬ್ಲೋವರಿಗೆ ಹೋಗಿರುತ್ತದೆ. ಟಾರ್ಚ್ ಬಿಟ್ಟು ಬ್ಲೋವರಿನ ಎಲೆಗಳನ್ನು ತೋರಿಸಿದೆ. ಒಂದೊಂದರ ಅಂಚಿಗೂ ಕಪ್ಪು ಕೆಸರು. ಮಂಚಕ್ಕೆ, ಗೋಡೆಗೆ ಪ್ಲಾಸ್ಟಿಕ್ ಕಟ್ಟಿ, ಯೂನಿಟ್ಟಿಗೆ ಚೀಲ ತೊಡಿಸಿ ತೊಳೆದೆ. ಆಯಿಯನ್ನು ಮೊದಲೇ ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿದ್ದರು. ಬೂಷ್ಟು ಹಿಡಿದ ಕೊಳೆಯ ಗಾಳಿ ಮಂಚ ಹಿಡಿದವರಿಗೆ ಬೇಡ.

ನೀರು ತೊಟ್ಟಿಕ್ಕುವುದರ ಕಾರಣ ಬಾತ್‌ರೂಮಿನ ಕಿಟಕಿ ಆಚೆ ಸಿಕ್ಕಿತು. ಡ್ರೈನ್ ಪೈಪಿನ ತುದಿಯಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು. ಚಳಿಗಾಲದಲ್ಲಿ ಎಸಿ ಬಂದ್ ಇರುತ್ತದೆ, ಪೈಪು ಒಣಗಿರುತ್ತದೆ, ಅದಕ್ಕೆ ಇದಕ್ಕಿಂತ ಒಳ್ಳೆಯ ಮನೆ ಬೇಕಾ? ಸಣ್ಣ ಸಂದಿಯಲ್ಲಿ ನೀರು ನಿಧಾನ ಹೋಗಿ, ಜಾಸ್ತಿಯಾದಾಗ ಎಸಿ ಒಳಗೆ ನೀರು ಹಿಡಿಯುವ ಟ್ರೇ ತುಂಬಿ ಈ ಕಡೆ ತೊಟ್ಟಿಕ್ಕುತ್ತಿತ್ತು. ಗೂಡು ತೆಗೆದು, ಟ್ರೇಯಲ್ಲಿ ಒಂದು ಲೀಟರ್ ನೀರು ಸುರಿದೆ. ಹೊರಗೆ ಮಗ್ಗು ಹಿಡಿದು ನಿಂತಿದ್ದ ಮಾಸ್ತರ್ “ಬಂತು, ಬಂತು” ಅಂದರು.

ಈಗ ಗೇಜ್

ಎಲ್ಲ ಒಣಗಿದ ಮೇಲೆ ಮತ್ತೆ ಚಾಲೂ. ಕರೆಂಟು 8.6ರಿಂದ 6.8ಕ್ಕೆ ಇಳಿಯಿತು, ನೇಮ್‌ಪ್ಲೇಟಿಗಿಂತ ಕೆಳಗೆ. ಗಾಳಿಯ ವ್ಯತ್ಯಾಸ 8.5. ಹೊರಗಿನ ಯೂನಿಟ್ಟಿನ ಸಣ್ಣ ಪೈಪಿನ ಮೇಲೆ ಹತ್ತು ನಿಮಿಷದಲ್ಲಿ ಬಿಳಿ ಮಂಜು ಕಟ್ಟಿತು. ಕೊಳೆ ಹೋದ ಮೇಲೆ ಅದರ ಹಿಂದೆ ಅಡಗಿದ್ದ ತೊಂದರೆ ಹೊರಗೆ ಬಂತು. ಗೇಜ್ ಹಾಕಿದರೆ ಒತ್ತಡ 98 ಪಿಎಸ್‌ಐ. ಆರ್-32ಕ್ಕೆ ಇಂಥ ಹವಾದಲ್ಲಿ 120ರಿಂದ 140ರ ನಡುವೆ ಇರಬೇಕು. ಗ್ಯಾಸ್ ನಿಜವಾಗಿಯೂ ಕಮ್ಮಿ ಇತ್ತು.

“ನಾ ಮೊದಲೇ ಹೇಳ್ಲಿಲ್ಲೇನು?” ಅಂತ ಮಾಸ್ತರ್ ನಕ್ಕರು. ಹೇಳಿದ್ದು ನಿಜ. ಆದರೆ ಎಲ್ಲಿ ಹೋಯಿತು ಅನ್ನುವ ಪ್ರಶ್ನೆ ಉಳಿದಿತ್ತಲ್ಲ.

ಸೋರುವ ಜಾಗ ಹುಡುಕಲು ನಾನು ಮೊದಲು ಕಣ್ಣನ್ನೇ ನಂಬುತ್ತೇನೆ. ಗ್ಯಾಸಿನ ಜೊತೆ ಕಂಪ್ರೆಸರ್ ಎಣ್ಣೆಯೂ ಸ್ವಲ್ಪ ಸುತ್ತುತ್ತಿರುತ್ತದೆ. ಗ್ಯಾಸ್ ಹೋದ ಕಡೆ ಎಣ್ಣೆಯ ಜಿಡ್ಡು ಉಳಿಯುತ್ತದೆ, ಜಿಡ್ಡಿಗೆ ಧೂಳು ಅಂಟುತ್ತದೆ. ಅರ್ಧ ಇಂಚಿನ ದಪ್ಪ ಪೈಪು ವಾಲ್ವಿಗೆ ಸೇರುವ ಕಡೆ, ಫ್ಲೇರನ್ನು (ಪೈಪಿನ ಅರಳಿಸಿದ ತುದಿಯನ್ನು) ಬಿಗಿಯುವ ನಟ್ಟಿನ ಕೆಳಗೆ ನಾಲ್ಕಾಣೆ ಅಗಲದ ಕಪ್ಪು ಕಲೆ ಇತ್ತು. ಎಸಿ ಆಫ್ ಮಾಡಿ ಒತ್ತಡ ಏರಲು ಬಿಟ್ಟು, ಸೋಪಿನ ನೊರೆ ಹಚ್ಚಿದೆ. ಮೊದಲು ಏನೂ ಇಲ್ಲ. ಮುಕ್ಕಾಲು ನಿಮಿಷವಾದ ಮೇಲೆ ಸಾಸಿವೆ ಗಾತ್ರದ ಒಂದು ಗುಳ್ಳೆ. ಅದು ಕಡಲೆಯಷ್ಟಾಗಿ ಒಡೆಯಿತು. ಅದೇ ಜಾಗದಲ್ಲಿ ಇನ್ನೊಂದು. ಮಾಸ್ತರ್ ಮಂಡಿಯೂರಿ ಕೂತು ಮೂರು ಗುಳ್ಳೆ ನೋಡಿದರು. “ಎರಡು ವರ್ಷ ನನ್ನ ದುಡ್ಡು ಇಲ್ಲಿಂದ ಹೋಗ್ಯದ” ಅಂದರು.

ಇಲ್ಲಿಂದ ಮುಂದಿನ ಕೆಲಸದಲ್ಲಿ ಅವಸರ ಮಾಡಬಾರದು. ಇದ್ದ ಗ್ಯಾಸನ್ನು ಗಾಳಿಗೆ ಬಿಡದೆ ರಿಕವರಿ ಮಷಿನ್‌ನಿಂದ ಸಿಲಿಂಡರಿಗೆ ಎಳೆದು ತೂಗಿದೆ. 540 ಗ್ರಾಂ. ನೇಮ್‌ಪ್ಲೇಟಿನಲ್ಲಿ 820. ಆರ್-32 ಓಝೋನ್ ಪದರಕ್ಕೆ ತೊಂದರೆ ಕೊಡುವುದಿಲ್ಲ, ಆದರೆ ಭೂಮಿ ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿನ ಸುಮಾರು 675 ಪಟ್ಟು. ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗುಣವೂ ಇದೆ. ಸುಮ್ನೆ ಬಿಟ್ಟು ಕೈ ತೊಳೆದುಕೊಳ್ಳುವ ವಸ್ತು ಅಲ್ಲ ಅದು.

ನಟ್ ಬಿಚ್ಚಿದರೆ ಫ್ಲೇರಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಯಾರೋ ಸೋರಬಾರದು ಅಂತಲೇ ಸ್ಪ್ಯಾನರಿನಿಂದ ಅತಿ ಬಿಗಿ ಮಾಡಿದ್ದಾರೆ, ತಾಮ್ರ ತೆಳುವಾಗಿ ಸೀಳಿದೆ. ಆ ತುದಿ ಕತ್ತರಿಸಿ, ಒಳಗಿನ ಚೂರು ಕೆರೆದು, ಹೊಸ ಫ್ಲೇರ್ ಹೊಡೆದು, ಟಾರ್ಕ್ ರೆಂಚಿನಿಂದ 55 ನ್ಯೂಟನ್ ಮೀಟರಿಗೆ ಬಿಗಿದೆ. ನೈಟ್ರೋಜನ್ 400 ಪಿಎಸ್‌ಐ ತುಂಬಿ ಅರ್ಧ ಗಂಟೆ ಬಿಟ್ಟೆ. ಮುಳ್ಳು ಅಲ್ಲಾಡಲಿಲ್ಲ. ಆ ಹೊತ್ತಿಗೆ ಜೋಳದ ರೊಟ್ಟಿ, ಪುಂಡಿ ಪಲ್ಯ ಬಂತು, ಬೇಡ ಅನ್ನಲಿಲ್ಲ. ಆಮೇಲೆ ಪೈಪಿನ ಗಾಳಿ ಎಳೆಯಲು ವ್ಯಾಕ್ಯೂಮ್ ಪಂಪ್ 40 ನಿಮಿಷ, ಒಳಗಿನ ಒತ್ತಡ 500 ಮೈಕ್ರಾನಿಗಿಂತ ಕೆಳಗೆ. ಪಂಪ್ ಬಂದ್ ಮಾಡಿ ಹತ್ತು ನಿಮಿಷ ನೋಡಿದೆ. ಪೈಪಿನಲ್ಲಿ ಗಾಳಿ, ತೇವ ಉಳಿದರೆ ಇಷ್ಟೂ ಕೆಲಸ ದಂಡ. ಕೊನೆಗೆ ತೂಕದ ಮೇಲೆ 820 ಗ್ರಾಂ ಗ್ಯಾಸ್.

ಸಂಜೆ ನಾಲ್ಕಕ್ಕೆ ಕೊನೆಯ ಅಳತೆ: 128 ಪಿಎಸ್‌ಐ, 7.3 ಆಂಪಿಯರ್, ಗಾಳಿಯ ವ್ಯತ್ಯಾಸ 12 ಡಿಗ್ರಿ. ಒಟ್ಟು ಬಿಲ್ 4,850 ರೂಪಾಯಿ. ಹಿಂದಿನ ಎರಡು ವರ್ಷ ಸೇರಿ ಅವರು ಗ್ಯಾಸಿಗೆ ಕೊಟ್ಟದ್ದು 5,300.

ಹೊರಡುವಾಗ ಪ್ಲಗ್ ಮುಟ್ಟಿ ನೋಡಿದೆ. ಬೆಚ್ಚಗಿತ್ತು. ಬಿಚ್ಚಿದರೆ ಸಾಕೆಟ್ಟಿನ ಒಂದು ತೂತು ಸುಟ್ಟು ಕಂದಾಗಿತ್ತು. ಎದ್ದು ಓಡಲಾಗದವರು ಮಲಗುವ ಕೋಣೆ ಅದು. ಹೊಸ 16 ಆಂಪಿಯರಿನ ಸಾಕೆಟ್ ಹಾಕಿಸುವವರೆಗೆ ಎಸಿ ಹಚ್ಚಬೇಡಿ ಅಂತ ಗಟ್ಟಿಯಾಗಿ ಹೇಳಿದೆ. ಮರುದಿನವೇ ಎಲೆಕ್ಟ್ರಿಷಿಯನ್ ಬಂದು ಹಾಕಿಕೊಟ್ಟನಂತೆ. ಎಸಿ ಸರ್ವಿಸ್ ಅಂದರೆ ಗೋಡೆಯ ಸಾಕೆಟ್ಟಿನವರೆಗೂ ನೋಡಬೇಕು ಅಂತ ನನ್ನ ಹುಡುಗರಿಗೆ ಯಾವಾಗಲೂ ಹೇಳುತ್ತೇನೆ.

ಹೊರಗಿನ ಯೂನಿಟ್ಟಿಗೆ ಬಿಸಿಲು ಬೀಳದ ಹಾಗೆ ತಗಡಿನ ಗೂಡು ಮಾಡಿಸುತ್ತೇನೆ ಅಂದರು. ಗೂಡು ಬೇಡ, ಬಿಸಿ ಗಾಳಿ ಅಲ್ಲೇ ಸುತ್ತುತ್ತದೆ ಅಂದೆ. ಮೇಲೆ ಎರಡು ಮೂರು ಅಡಿ ಎತ್ತರದಲ್ಲಿ ಬರೀ ಚಪ್ಪರ, ನಾಲ್ಕೂ ಕಡೆ ಬಯಲು. ಗೋಡೆಯಿಂದ ಒಂದು ಅಡಿ ದೂರ ಎಳೆದು ಕೂರಿಸಿದೆ.

ನಾನು ಬಿಟ್ಟದ್ದು, ಆಮೇಲೆ ಕಂಡದ್ದು

ಮಾರ್ಚ್ ಎರಡನೇ ವಾರ ಮತ್ತೆ ಫೋನ್. ನೀರು ಮತ್ತೆ ತೊಟ್ಟಿಕ್ಕುತ್ತಿದೆ. ಹೋಗಿ ನೋಡಿದರೆ ತಪ್ಪು ನನ್ನದೇ. ಕಣಜದ ಗೂಡು ಸಿಕ್ಕ ಖುಷಿಯಲ್ಲಿ ಪೈಪಿನ ಇಳಿಜಾರು ಪೂರ್ತಿ ನೋಡಿರಲಿಲ್ಲ. ಗೋಡೆ ದಾಟಿದ ಮೇಲೆ ಪೈಪು ಜೋತು ಬಿದ್ದು ನಡುವೆ ನೀರು ನಿಲ್ಲುತ್ತಿತ್ತು. ಒಂದು ಲೀಟರ್ ಒಮ್ಮೆಲೇ ಸುರಿದಾಗ ರಭಸಕ್ಕೆ ಹೋಯಿತು. ಹನಿ ಹನಿಯಾಗಿ ಬಂದಾಗ ಹೋಗಲಿಲ್ಲ. ಎರಡು ಕ್ಲಿಪ್ ಹೊಡೆದು ಎತ್ತಿದೆ, ದುಡ್ಡು ತೆಗೆದುಕೊಳ್ಳಲಿಲ್ಲ. ಈಗ ಟ್ರೇಗೆ ನೀರನ್ನು ನಿಧಾನವಾಗಿ ಹಾಕಿ ಪರೀಕ್ಷೆ ಮಾಡುತ್ತೇನೆ.

ಮೇ ಎರಡನೇ ವಾರ ಅದೇ ಓಣಿಗೆ ಬೇರೆ ಕೆಲಸಕ್ಕೆ ಹೋದಾಗ ಮಧ್ಯಾಹ್ನ ಮೂರಕ್ಕೆ ಬಾಗಿಲು ತಟ್ಟಿದೆ. ಹೊರಗೆ 41 ಡಿಗ್ರಿ. ಕರೆಂಟು 8.1. ಹೊರಗಿನ ಬಿಸಿಗೆ ಇಷ್ಟು ಏರುವುದು ಸಹಜ. ಗಾಳಿಯ ವ್ಯತ್ಯಾಸ 11. ಗೇಜ್ ಹಾಕಲಿಲ್ಲ. ಅಳತೆ ಚೆನ್ನಾಗಿರುವಾಗ ಗೇಜ್ ಹಾಕಿ ತೆಗೆದರೆ ಪ್ರತಿ ಸಲ ಒಂದಿಷ್ಟು ಗ್ಯಾಸ್ ಸುಮ್ನೆ ಹೋಗುತ್ತದೆ.

ರಿಮೋಟಿನಲ್ಲಿ 26 ಇತ್ತು, ಮೇಲೆ ಫ್ಯಾನ್ ಎರಡರಲ್ಲಿ ತಿರುಗುತ್ತಿತ್ತು. ಹೋದ ವರ್ಷ ಇದೇ ಕೋಣೆಯಲ್ಲಿ 18 ಇಟ್ಟರೂ ಸೆಕೆ. 2020ರಿಂದ ಹೊಸ ಎಸಿಗಳೆಲ್ಲ ಚಾಲೂ ಆದಾಗ 24ರಲ್ಲೇ ನಿಲ್ಲುವ ಹಾಗೆ ಬರುತ್ತವೆ. ಒಂದು ಡಿಗ್ರಿ ಏರಿಸಿದರೆ ಸುಮಾರು 6 ಪರ್ಸೆಂಟ್ ವಿದ್ಯುತ್ ಉಳಿಯುತ್ತದೆ ಅಂತ ಕೇಂದ್ರ ಸರ್ಕಾರದ ಬಿಇಇ (ಇಂಧನ ದಕ್ಷತಾ ಬ್ಯೂರೋ) ಹೇಳುತ್ತದೆ. ಮಾಸ್ತರ್ ಎರಡು ಬಿಲ್ ಮುಂದಿಟ್ಟರು. 2024ರ ಏಪ್ರಿಲ್‌ಗೆ 396 ಯೂನಿಟ್, 2025ರ ಏಪ್ರಿಲ್‌ಗೆ 331. ಎಲ್ಲಾ ನನ್ನ ಸರ್ವಿಸ್‌ನಿಂದಲೇ ಅಂತ ನಾನು ಹೇಳುವುದಿಲ್ಲ. 18ರಿಂದ 26ಕ್ಕೆ ಬಂದದ್ದೇ ಅರ್ಧಕ್ಕಿಂತ ಜಾಸ್ತಿ ಕೆಲಸ ಮಾಡಿರಬೇಕು. ಆದರೆ 26ರಲ್ಲಿ ನಿದ್ದೆ ಬರಬೇಕಾದರೆ ಎಸಿ ನೆಟ್ಟಗಿರಬೇಕಲ್ವಾ?

ಆಯಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು, ಎದೆವರೆಗೆ ಕೌದಿ. ಸ್ಟೆಬಿಲೈಜರ್ ಪಕ್ಕ ಗೋಡೆಗೆ ಮಾಸ್ತರ್ ಒಂದು ಕಾಗದ ಅಂಟಿಸಿದ್ದರು. ಫೆಬ್ರವರಿಯ ಅಳತೆ, ಗ್ಯಾಸಿನ ತೂಕ, ಕೆಪ್ಯಾಸಿಟರ್ ಹಾಕಿದ ತಾರೀಖು, ಎಲ್ಲಾ ದುಂಡನೆ ಅಕ್ಷರದಲ್ಲಿ. ನಾನು ಆ ದಿನದ ಮೂರು ಅಂಕಿ ಹೇಳಿದೆ, ಅವರು ಕೆಳಗೆ ಬರೆದುಕೊಂಡರು. ಅದರ ಕೆಳಗೆ ಇನ್ನೊಂದು ಸಾಲು ಮೊದಲೇ ಇತ್ತು: “ಅಕ್ಟೋಬರ್, ಬೆನ್ನು ತೊಳೆಯುವುದು. ಡ್ರೈನ್ ಪೈಪ್, ಕಣಜ ನೋಡುವುದು.”